ನಮ್ಮೂರಿಗೂ ಬರ್ತದಾ?

ಮುಳಬಾಗಿಲಿನಿಂದ ಮೂಡಲಿಗೆ ಹೋದರೆ ನಂಗಲಿ. ನಂಗಲಿ ದಾಟಿದರೆ ಆಗ ಮದರಾಸು ಪ್ರಾಂತ್ಯ. ನಾನು ಹುಡುಗನಾಗಿದ್ದಾಗ ಅದು ಬರೀ ಊರ ಗಡಿಯಾಗಿರಲಿಲ್ಲ, ಎರಡು ರಾಜ್ಯಭಾರಗಳ ಗಡಿ. ಆಚೆ ಬ್ರಿಟಿಷರು, ಈಚೆ ನಮ್ಮ ಮಹಾರಾಜರು. ನೆಂಟರು ಎರಡೂ ಕಡೆ, ಆಡುವ ತೆಲುಗು ಎರಡೂ ಕಡೆ, ರಾಗಿ ಹೊಲ ಎರಡೂ ಕಡೆ. 1947ರ ಆಗಸ್ಟ್ 15ರಂದು ಆಚೆಯವರಿಗೆ ಸ್ವಾತಂತ್ರ್ಯ ಬಂತು. ನಮಗೂ ಬಂತು ಅಂತ ಸ್ಕೂಲಿನಲ್ಲಿ ಮೇಷ್ಟ್ರು ಪೆಪ್ಪರಮೆಂಟು ಹಂಚಿದರು. ಆದರೆ ನಮ್ಮ ಚಿಕ್ಕಪ್ಪ ಮಾತ್ರ ಮುಖ ಗಂಟು ಹಾಕಿಕೊಂಡೇ ಕೂತಿದ್ದ. "ದಿವಾನರು ಇದ್ದ ಜಾಗದಲ್ಲೇ ಇದಾರೆ. ಇದೆಂಥ ಸ್ವಾತಂತ್ರ್ಯ?" ಅಂತ ಅವನ ಪ್ರಶ್ನೆ.

ಅವನು ಕೇಳಿದ್ದು ಸರಿಯಾಗೇ ಇತ್ತು. ಆಗಸ್ಟ್ 9ಕ್ಕೇ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಆ ಸಹಿ ದಿಲ್ಲಿಗೆ ಬಿಟ್ಟುಕೊಟ್ಟದ್ದು ಮೂರೇ ಬಾಬ್ತು: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಉಳಿದದ್ದೆಲ್ಲ ಮೈಸೂರಿನ ಒಳಮನೆ ವ್ಯವಹಾರ. ಒಳಮನೆಯಲ್ಲಿ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಜನರಿಗೆ ಜವಾಬು ಹೇಳುವ ಸರ್ಕಾರ ಬೇಕು ಅಂತ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಶುರುವಾಯಿತು. ಚಿಕ್ಕಪ್ಪ ಒಂದು ಚೀಲ ಹಿಡಿದು ಹೊರಟವನು ಜೈಲಿಗೆ ಹೋದ. ಅವನಿಗೆ ಅದು ಒಂದು ತಿಂಗಳ ಉತ್ಸಾಹವಾಗಿರಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತಲ್ಲ, ಆಗ ಗೌರಿಬಿದನೂರು ನಮ್ಮ ಕೋಲಾರ ಜಿಲ್ಲೆಯದೇ, ಅಲ್ಲಿಗೆ ಹೋಗಿದ್ದವನು ಅವನು. ಸತ್ತವರು 10 ಅಂತ ಸರ್ಕಾರ ಹೇಳಿತು, 32 ಅಂತ ಜನ ಹೇಳಿದರು. ಬಾವುಟ ಏರಿಸುವುದಕ್ಕೆ ಇಷ್ಟು ಬೆಲೆ ಕೊಟ್ಟ ಜಿಲ್ಲೆ ನಮ್ಮದು ಅನ್ನುವುದನ್ನು ಅವನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಒಪ್ಪಂದವಾಯಿತು. ಆ ತಿಂಗಳ ಕೊನೆಯಲ್ಲಿ ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ನಮ್ಮ ಕಡೆಯವರು, ಕೆರೆ ಬತ್ತಿದರೆ ಬಾಯಿ ಒಣಗುವುದು ಏನೆಂದು ಗೊತ್ತಿದ್ದವರು. ಊರಲ್ಲಿ ಎಷ್ಟೋ ಮಂದಿ ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡರು. ನಿಜವಾದ ವಾದ ಶುರುವಾದದ್ದು ಆಮೇಲೆ.

ದಿಲ್ಲಿಯಲ್ಲಿ ದೇಶಕ್ಕೆಲ್ಲ ಒಂದು ಸಂವಿಧಾನ ಬರೆಯುತ್ತಿದ್ದರು. ಅದಕ್ಕೆ ಮೈಸೂರಿನಿಂದ ಏಳು ಜನ. ಹತ್ತು ಲಕ್ಷ ಜನಕ್ಕೆ ಒಬ್ಬರ ಲೆಕ್ಕ. ನಮ್ಮ ರೆಡ್ಡಿಯವರು, ಕೆಂಗಲ್ ಹನುಮಂತಯ್ಯನವರು, ಟಿ. ಸಿದ್ದಲಿಂಗಯ್ಯನವರು, ಮತ್ತೆ ನಮ್ಮ ಜಿಲ್ಲೆಯವರೇ ಆದ ದಲಿತ ಮುಖಂಡರು ಟಿ. ಚನ್ನಯ್ಯನವರು, ಇವರೆಲ್ಲ ಅದರಲ್ಲಿದ್ದರು. ಅತ್ತ ಅದು ನಡೆಯುತ್ತಿರುವಾಗಲೇ ಇತ್ತ ಮೈಸೂರಿಗೇ ಅಂತ ಇನ್ನೊಂದು ಸಂವಿಧಾನ ರಚನಾ ಸಭೆ ಸೇರಿತು. ಒಂದೇ ಮನೆಗೆ ಎರಡು ಕಡೆ ಕಾನೂನು ಬರೆಯುತ್ತಿದ್ದ ಕಾಲ ಅದು. ಈಗ ಪುಸ್ತಕಗಳಲ್ಲಿ ಓದುವ ಮಕ್ಕಳಿಗೆ ಸಂವಿಧಾನ ಅಂದರೆ ದಿಲ್ಲಿಯಲ್ಲಿ ಬರೆದದ್ದು, ಊರಿಗೆ ಬಂದದ್ದು, ಅಷ್ಟೇ. ನಮಗೆ ಹಾಗಿರಲಿಲ್ಲ. ಬರುತ್ತದೋ ಇಲ್ಲವೋ, ಬಂದರೆ ಎಷ್ಟು ಬರುತ್ತದೆ ಅನ್ನುವುದೇ ಎರಡು ವರ್ಷ ತೀರ್ಮಾನವಾಗದೆ ನಿಂತಿತ್ತು.

ನಮ್ಮ ಮನೆಯ ಜಗಲಿ ದೊಡ್ಡದು. ಸಂಜೆ ಮೇಷ್ಟ್ರು ಅಲ್ಲಿ ಪೇಪರ್ ಓದುತ್ತಿದ್ದರು. ಮುಳಬಾಗಿಲಿನಿಂದ ಬರುವ ಬಸ್ಸಿನ ಕ್ಲೀನರ್ ಕೈಯಲ್ಲಿ ಪೇಪರ್ ಬರುತ್ತಿತ್ತು, ಒಂದು ದಿನ ತಡವಾಗಿ. ಮೊದಲು 'ತಾಯಿನಾಡು' ಬರುತ್ತಿತ್ತು. 1948ರ ಅಕ್ಟೋಬರ್‌ನಲ್ಲಿ 'ಪ್ರಜಾವಾಣಿ' ಹೊಸದಾಗಿ ಶುರುವಾದ ಮೇಲೆ ಮೇಷ್ಟ್ರು ಅದನ್ನೂ ತರಿಸಲು ಶುರು ಮಾಡಿದರು. ಜಗಲಿ ಮೇಲೆ ಶಾನುಭೋಗರು, ಪಟೇಲರು, ಚಿಕ್ಕಪ್ಪ. ಕೆಳಗೆ ಅಂಗಳದಲ್ಲಿ, ಹಗೇವಿನ ಬಾಯಿ ಹತ್ತಿರ, ಊರ ತೋಟಿ. ಕಂದಾಯದ ದಫ್ತರ ಹೊತ್ತು ಶಾನುಭೋಗರ ಹಿಂದೆ ಬಂದವನು ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಅವನು ಕೇಳಿಸಿಕೊಳ್ಳುತ್ತಿದ್ದಾನೆ ಅಂತ ಯಾರಿಗೂ ಅನಿಸುತ್ತಿರಲಿಲ್ಲ.

ಆ ವರ್ಷ ರಾಗಿ ಕೊಯ್ಲಿನ ದಿನ. ನವೆಂಬರ್ 29ಕ್ಕೆ ದಿಲ್ಲಿಯ ಸಭೆ ಅಸ್ಪೃಶ್ಯತೆಯನ್ನು ತೆಗೆದುಹಾಕುವ ವಿಧಿಯನ್ನು ಅಂಗೀಕರಿಸಿತ್ತು. ಕರಡಿನಲ್ಲಿ ಅದು 11ನೇ ವಿಧಿ, ಈಗ 17. ಸಭೆಯಲ್ಲಿ ಮಹಾತ್ಮ ಗಾಂಧಿಗೆ ಜೈಕಾರ ಎದ್ದಿತು ಅಂತ ಮೇಷ್ಟ್ರು ಓದಿದರು. ಅಸ್ಪೃಶ್ಯತೆ ಯಾವ ರೂಪದಲ್ಲೂ ಆಚರಿಸುವ ಹಾಗಿಲ್ಲ, ಆಚರಿಸಿದರೆ ಶಿಕ್ಷೆ. ಜಗಲಿಯ ಮೇಲೆ ಯಾರೂ ಮಾತಾಡಲಿಲ್ಲ. ಆಗ ಅಂಗಳದಿಂದ ತೋಟಿ ಕೇಳಿದ:

"ಸ್ವಾಮಿ, ಇದು ನಮ್ಮೂರಿಗೂ ಬರ್ತದಾ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. "ಬರಬೇಕಪ್ಪ. ಆದರೆ ನಮ್ಮ ಮೈಸೂರಿನವರು ಬೇರೆ ಬರೀತಿದಾರೆ. ಅದೂ ಇದೂ ಹೇಗೆ ಕೂಡ್ತದೋ ನೋಡಬೇಕು" ಅಂದರು.

ಶಾನುಭೋಗರಿಗೆ ಅದು ಹಿಡಿಸಲಿಲ್ಲ. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಅಂದರೆ ಅವರಿಗೆ ಪ್ರಾಣ. "ನಮಗೆ ದಿಲ್ಲಿಯವರು ಕಲಿಸಬೇಕೇನ್ರಿ ಮೇಷ್ಟ್ರೇ? 1943ರಲ್ಲೇ ನಮ್ಮ ಸರ್ಕಾರ ಇವರ ಸಾಮಾಜಿಕ ಅನರ್ಹತೆ ತೆಗೆಯೋ ಕಾನೂನು ಮಾಡಿದೆ. ದೇವಸ್ಥಾನ ಪ್ರವೇಶಕ್ಕೆ ಈ ವರ್ಷವೇ ಕಾನೂನು ಬಂದಿದೆ" ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಎರಡೂ ಕಾನೂನು ಇದ್ದವು. ತೋಟಿ ಮಾತ್ರ ಅಂಗಳದಲ್ಲೇ ಇದ್ದ.

ಅಲ್ಲಿಂದ ಮುಂದೆ ದಿನವೂ ವಾದ. ಶಾನುಭೋಗರ ವಾದಕ್ಕೆ ಬಲ ಇತ್ತು ಅಂತ ಇವತ್ತಿಗೂ ನಾನು ಒಪ್ಪುತ್ತೇನೆ. ರಂಗಾಚಾರ್ಲು ದಿವಾನರಾಗಿದ್ದಾಗ, 1881ರ ದಸರೆಯಲ್ಲಿ, 144 ಜನರನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆ ಕೂಡಿಸಿದ ರಾಜ್ಯ ನಮ್ಮದು. ಕಾಂಗ್ರೆಸ್ ಹುಟ್ಟುವುದಕ್ಕೂ ನಾಲ್ಕು ವರ್ಷ ಮುಂಚೆ. 1907ರಿಂದ ನ್ಯಾಯವಿಧಾಯಕ ಸಭೆಯೂ ಇತ್ತು. ಎರಡು ಸಭೆ ನಡೆಸಿದ ಅನುಭವ ಇರುವ ನಾಡು ತನ್ನ ಮನೆಯ ಕಟ್ಟುಪಾಡನ್ನು ತಾನೇ ಬರೆದುಕೊಂಡರೆ ತಪ್ಪೇನು? ರೈಲು, ಆದಾಯ ತೆರಿಗೆ ಎಲ್ಲ ದಿಲ್ಲಿಗೆ ಹೋದರೆ ಮೈಸೂರಿಗೆ ಉಳಿಯುವುದೇನು? ಪಟೇಲರು ಇದಕ್ಕೆಲ್ಲ ತಲೆಯಾಡಿಸುತ್ತಿದ್ದರು.

ಚಿಕ್ಕಪ್ಪನದು ಒಂದೇ ಮಾತು. "ಆ ಸಭೆಗೆ ಯಾರು ಹೋಗ್ತಿದ್ದರು ಹೇಳಿ. ಕಂದಾಯ ಕಟ್ಟೋ ಜಮೀನ್ದಾರ, ಸಾಹುಕಾರ. ಅರ್ಜಿ ಓದೋದು, ದಿವಾನರು ಉತ್ತರ ಕೊಡೋದು, ಮನೆಗೆ ಬರೋದು. ಇವನು ಹೋಗಿದ್ದನಾ?" ಅಂತ ಅಂಗಳದ ಕಡೆ ಕೈ ತೋರಿಸುತ್ತಿದ್ದ.

ಮೇಷ್ಟ್ರು ನಡುವೆ ನಿಂತವರು. ಅವರಿಗೆ ಮುಳಬಾಗಿಲಿನ ಹೆಮ್ಮೆ ಬೇರೆ. ಡಿ.ವಿ. ಗುಂಡಪ್ಪನವರು ಹುಟ್ಟಿದ ಊರು ಅದು. ಡಿ.ವಿ.ಜಿ. ಅಂದರೆ ಜನಕ್ಕೆ ಈಗ ಕಗ್ಗ ಒಂದೇ ನೆನಪು. ದೇಶೀ ಸಂಸ್ಥಾನಗಳ ಪ್ರಜೆಗಳಿಗೆ ಭಾರತದ ರಾಜ್ಯಾಂಗದಲ್ಲಿ ಜಾಗ ಎಲ್ಲಿ ಅಂತ ಅವರು 1917ರಿಂದಲೇ ಇಂಗ್ಲಿಷಿನಲ್ಲಿ ಬರೆಯುತ್ತ ಬಂದಿದ್ದರು. 1931ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ತಂದರು. ರಾಜರು ದಿಲ್ಲಿಯ ಜೊತೆ ಮಾತಾಡಿಕೊಂಡರೆ ಸಾಲದು, ಪ್ರಜೆಗಳೂ ಆ ಮಾತಿನಲ್ಲಿ ಇರಬೇಕು ಅನ್ನುವುದು ಅವರ ಹಟ. ಮೇಷ್ಟ್ರು ಅದನ್ನೇ ಹಿಡಿದುಕೊಂಡು, "ನಮ್ಮದು ಇರಲಿ, ದಿಲ್ಲಿಯದೂ ಇರಲಿ. ಆದರೆ ಹಕ್ಕಿನ ವಿಷಯದಲ್ಲಿ ನಂಗಲಿ ಆಚೆಗೊಂದು ಈಚೆಗೊಂದು ಆಗಬಾರದು" ಅನ್ನುತ್ತಿದ್ದರು. ಆ ಜಗಲಿಯ ಮೇಲೆ ಆಡಿದ ಮಾತುಗಳಲ್ಲಿ ಎಲ್ಲಕ್ಕಿಂತ ತೂಕದ್ದು ಅದು ಅಂತ ನನಗೆ ಈಗ ಅನ್ನಿಸುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಇದನ್ನು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ, ಸಂವಿಧಾನ ಸಭೆಯ ನಡಾವಳಿಯ ಸಂಪುಟಗಳನ್ನು ತಿರುವಿ ಹಾಕುವಾಗ. ನಮ್ಮ ತೋಟಿ ಕೇಳಿದನಲ್ಲ, ಆ ಅಸ್ಪೃಶ್ಯತೆಯ ವಿಧಿ ಪಾಸಾದದ್ದು ನವೆಂಬರ್ 29. ಮಾರನೆಯ ದಿನವೇ, ನವೆಂಬರ್ 30ರಂದು, ಕರಡಿನ 10ನೇ ವಿಧಿ ಚರ್ಚೆಗೆ ಬಂತು. ಸರ್ಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ, ಹಿಂದುಳಿದವರಿಗೆ ಮೀಸಲಾತಿ. ಹಿಂದುಳಿದವರು ಅಂದರೆ ಯಾರು ಅಂತ ಸಭೆಯಲ್ಲಿ ಗಲಾಟೆ. ಮದರಾಸಿನ ಟಿ.ಟಿ. ಕೃಷ್ಣಮಾಚಾರಿ ಇದು ವಕೀಲರಿಗೆ ಸ್ವರ್ಗವಾಗುತ್ತದೆ ಅಂತ ಕುಟುಕಿದರು. ಉತ್ತರದ ಹಲವರಿಗೆ ಆ ಮಾತೇ ಹೊಸದು. ಆಗ ಎದ್ದು ಮಾತಾಡಿದವರಲ್ಲಿ ನಮ್ಮ ಟಿ. ಚನ್ನಯ್ಯನವರೂ ಒಬ್ಬರು. ದಕ್ಷಿಣದಲ್ಲಿ ಹಿಂದುಳಿದವರು ಅಂದರೆ ವಿದ್ಯೆಯಲ್ಲಿ ಹಿಂದೆ ಬಿದ್ದವರು ಅಂತ ತಿಳಿಯುತ್ತೇವೆ, ನೌಕರಿಯಲ್ಲಿ ಪಾಲು ಬೇಕಾದದ್ದು ಅವರಿಗೆ ಅನ್ನುವ ಅರ್ಥದಲ್ಲಿ ಅವರು ಸಭೆಗೆ ಬಿಡಿಸಿ ಹೇಳಿದರು.

ಅದನ್ನು ಓದಿದ ದಿನ ನಾನು ಆ ಸಂಪುಟ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಜಗಲಿಯ ಕೆಳಗೆ ಒಬ್ಬ ಇದು ನಮಗೂ ಉಂಟಾ ಅಂತ ಕೇಳುತ್ತಿದ್ದ ಅದೇ ವಾರ, ಅದೇ ಜಿಲ್ಲೆಯ, ಅದೇ ಬಗೆಯ ಕೇರಿಗಳ ಕಷ್ಟ ಬಲ್ಲ ಒಬ್ಬರು ದಿಲ್ಲಿಯಲ್ಲಿ ಎದ್ದು ನಿಂತು ನಮ್ಮಲ್ಲಿ ಇದು ಹೀಗೆ ಅಂತ ದೇಶಕ್ಕೆ ಹೇಳುತ್ತಿದ್ದರು. ಆ ಮಾತಿನ ಹಿಂದೆ ಮೈಸೂರಿನ ಅನುಭವ ಇತ್ತು. ಲೆಸ್ಲಿ ಮಿಲ್ಲರ್ ಸಮಿತಿ 1919ರಲ್ಲೇ ವರದಿ ಕೊಟ್ಟು, ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಏರ್ಪಾಡು ಇಲ್ಲಿ ಆಗಲೇ ಶುರುವಾಗಿತ್ತು. ಶಾನುಭೋಗರು ಮೈಸೂರಿನ ಬಗ್ಗೆ ಪಡುತ್ತಿದ್ದ ಹೆಮ್ಮೆಯನ್ನು ದಿಲ್ಲಿಯಲ್ಲಿ ಉಪಯೋಗಕ್ಕೆ ತಂದವರು ಚನ್ನಯ್ಯನವರು. ಕೋಲಾರದ ರಂಗಮಂದಿರಕ್ಕೆ ಅವರ ಹೆಸರು ಇಟ್ಟಿದ್ದಾರೆ. ಒಳಗೆ ನಾಟಕ ನೋಡಿ ಬರುವವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನವರು ಯಾರೆಂದು ಗೊತ್ತು? ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ. ಇದು ನನಗೆ ನಿಜವಾಗಿಯೂ ನೋವು.

ಅತ್ತ ವಾದ ನಡೆಯುತ್ತಿರುವಾಗಲೇ ಇತ್ತ ಮತದಾರರ ಪಟ್ಟಿ ಬರೆಯುವ ಕೆಲಸ ಬಂತು. ಸಂವಿಧಾನ ಇನ್ನೂ ಕರಡು. ಆದರೂ 1949ರ ಜನವರಿ 1ಕ್ಕೆ 21 ತುಂಬಿದ ಎಲ್ಲರ ಹೆಸರೂ ಬರೆಯಿರಿ ಅಂತ ದಿಲ್ಲಿಯ ಸಭೆಯ ಕಾರ್ಯಾಲಯದಿಂದ ಸೂಚನೆ ಹೊರಟಿತ್ತು. ಬರೆಯುವವರು ನಮ್ಮ ಶಾನುಭೋಗರೇ. ಊರೊಳಗಿನ ಮನೆಗಳು ಒಂದೆರಡು ದಿನಕ್ಕೆ ಮುಗಿದವು. ಕೇರಿಗೆ ಹೋಗಬೇಕಾಯಿತು.

ಕೇರಿಯ ಮುಂದೆ ಒಂದು ಹೊಂಗೆ ಮರ. ಅದರ ಕೆಳಗೆ ಚಾಪೆ ಹಾಕಿಸಿಕೊಂಡು, ಮಸಿ ಕುಡಿಕೆ ಪಕ್ಕಕ್ಕಿಟ್ಟು ಶಾನುಭೋಗರು ಕೂತರು. ನಾನು ಜೊತೆಗಿದ್ದೆ, ಹುಡುಗರಿಗೆ ಬೇರೇನು ಕೆಲಸ. ಗಂಡಸರ ಹೆಸರು ಬರೆದಾಯಿತು. ಹೆಂಗಸರ ಸರದಿ ಬಂದಾಗ ತೋಟಿಯ ತಾಯಿ ಮುಂದೆ ಬಂದು ನಿಂತಳು. ಸೆರಗು ತಲೆ ಮೇಲೆ, ಬಾಯಲ್ಲಿ ಎಲೆ ಅಡಿಕೆ. "ಏನು ಬರೆಯಲಮ್ಮ?" ಅಂತ ಇವರು. "ತೋಟಿ ತಾಯಿ ಅಂತ ಬರ್ಕೊಳಿ ಬುದ್ಧಿ" ಅಂತ ಅವಳು. ಊರಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಹಾಗೆ. ಶಾನುಭೋಗರು ಲೇಖನಿ ಎತ್ತಿ ಹಿಡಿದರು. "ಹಾಗೆ ಬರೆಯೋ ಹಾಗಿಲ್ಲ. ನಿನ್ನ ಹೆಸರು ಹೇಳು. ಹೆತ್ತೋರು ಇಟ್ಟದ್ದು." ಅವಳು ಮಗನ ಮುಖ ನೋಡಿದಳು, ಎಲೆ ಅಡಿಕೆ ಉಗಿದು ಬಂದಳು, ಆಮೇಲೆ ಹೇಳಿದಳು. ಅಲ್ಲಿ ನಿಂತಿದ್ದ ನಮ್ಮೂರಿನವರಿಗೆ ಒಬ್ಬರಿಗೂ ಆ ಹೆಸರು ಅಂದಿನವರೆಗೆ ಗೊತ್ತಿರಲಿಲ್ಲ. ಶಾನುಭೋಗರು ದುಂಡಗೆ ಬರೆದು, ಕಾಗುಣಿತ ಸರಿಯಿದೆಯಾ ಅಂತ ಒಮ್ಮೆ ಓದಿಯೂ ಹೇಳಿದರು. ಅಂಥ ಕಡೆ ಅವರು ಒಂದು ಅಕ್ಷರ ತಪ್ಪು ಮಾಡಿದವರಲ್ಲ. ಮುಂದೆ ಎಷ್ಟೋ ಪ್ರಾಂತ್ಯಗಳಲ್ಲಿ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಮಾತ್ರ ಬರೆಸಿದ ಲಕ್ಷಾಂತರ ಹೆಂಗಸರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು ಅಂತ ಓದಿದಾಗ ನನಗೆ ನಮ್ಮ ಶಾನುಭೋಗರ ಮೇಲೆ ಗೌರವ ಹೆಚ್ಚಿತು. ದಿಲ್ಲಿಯ ಸಂವಿಧಾನ ಬೇಡ ಅಂತಿದ್ದವರು ಅವರೇ, ಅದರ ಮೊದಲ ಕೆಲಸವನ್ನು ನಮ್ಮೂರಲ್ಲಿ ಸರಿಯಾಗಿ ಮಾಡಿದವರೂ ಅವರೇ.

1949ರ ಮೇ ಹೊತ್ತಿಗೆ ಗಾಳಿ ತಿರುಗಿತು. ಸಂಸ್ಥಾನಗಳು ಬೇರೆ ಬೇರೆ ಸಂವಿಧಾನ ಬರೆದುಕೊಳ್ಳುವುದು ಬೇಡ, ಎಲ್ಲರ ಕಟ್ಟುಪಾಡೂ ಒಂದೇ ಪುಸ್ತಕದಲ್ಲಿರಲಿ ಅಂತ ದಿಲ್ಲಿಯಲ್ಲಿ ಸೇರಿದ ಮುಖ್ಯಮಂತ್ರಿಗಳು ತೀರ್ಮಾನಿಸಿದರು. ಅಕ್ಟೋಬರ್ 12ರಂದು ಸರ್ದಾರ್ ಪಟೇಲರು ಸಭೆಯಲ್ಲಿ ಅದನ್ನು ವಿವರಿಸಿದರು. ಹೇರುವುದಿಲ್ಲ, ಆಯಾ ಸಂಸ್ಥಾನದ ಸಭೆ ಒಪ್ಪಬೇಕು, ಆಮೇಲೆ ರಾಜರು ಘೋಷಣೆ ಹೊರಡಿಸಬೇಕು ಅನ್ನುವುದು ಏರ್ಪಾಡು. ಆದರೆ ಅದರ ಜೊತೆಗೇ ಒಂದು ಮುಳ್ಳೂ ಬಂತು. ಇಂಥ ರಾಜ್ಯಗಳೆಲ್ಲ ಹತ್ತು ವರ್ಷ ರಾಷ್ಟ್ರಪತಿಗಳ ಮೇಲುಸ್ತುವಾರಿಯಲ್ಲಿ ಇರತಕ್ಕದ್ದು ಅನ್ನುವ ವಿಧಿ. ಮುಂದೆ 371 ಆದದ್ದು ಅದೇ. ಯಾವ ರಾಜ್ಯಕ್ಕಾದರೂ ವಿನಾಯಿತಿ ಕೊಡುವ ಅಧಿಕಾರ ರಾಷ್ಟ್ರಪತಿಗೆ ಅದರಲ್ಲೇ ಇತ್ತು. ಆದರೂ ಶಾನುಭೋಗರು ಕೆರಳಿದರು. "1881ರಿಂದ ಸಭೆ ನಡೆಸಿದವರಿಗೆ ಉಸ್ತುವಾರಿ ಬೇಕಾ?" ಆ ದಿನ ಚಿಕ್ಕಪ್ಪನೂ ಅವರ ಪಕ್ಷ. ಆ ಇಬ್ಬರೂ ಒಂದಾದದ್ದನ್ನು ನಾನು ಕಂಡದ್ದು ಅದೇ ಮೊದಲ ಸಲ. ಮೈಸೂರಿಗೆ ಸಿಕ್ಕ ಮರ್ಯಾದೆ ಇನ್ನೊಂದು ಕಡೆ ಇತ್ತು. ಸಂಸ್ಥಾನಗಳಿಂದಾದ ರಾಜ್ಯಗಳಲ್ಲಿ ಎರಡು ಸದನ ಉಳಿಸಿಕೊಟ್ಟದ್ದು ಮೈಸೂರಿಗೊಂದಕ್ಕೇ. ಈಗಲೂ ನಮಗೆ ವಿಧಾನ ಪರಿಷತ್ತು ಇರುವುದರ ಬೇರು ಅಲ್ಲಿದೆ.

ಹನುಮಂತಯ್ಯನವರು ಆ ನವೆಂಬರ್‌ನಲ್ಲಿ ಸಭೆಯಲ್ಲಿ ಆಡಿದ ಮಾತು ಆಗಲೇ ಪ್ರಸಿದ್ಧವಾಯಿತು: ವೀಣೆಯ ನಾದ ಬಯಸಿದ್ದೆವು, ಇಂಗ್ಲಿಷ್ ಬ್ಯಾಂಡಿನ ಸದ್ದು ಸಿಕ್ಕಿತು ಅನ್ನುವ ಕೊರಗು. ಗ್ರಾಮಗಳಿಗೆ ಅಧಿಕಾರ ಬರಲಿಲ್ಲ ಅನ್ನುವುದು ಅವರ ಚಿಂತೆ. ಅವರ ಮೇಲೆ ನನಗೆ ಅಪಾರ ಗೌರವ. ಈ ಮಾತಿನಲ್ಲಿ ಮಾತ್ರ ನಾನು ಅವರ ಜೊತೆ ಇಲ್ಲ. ನಮ್ಮ ಗ್ರಾಮ ತನ್ನಷ್ಟಕ್ಕೆ ತಾನು ಇದ್ದಿದ್ದರೆ ತೋಟಿ ಯಾವ ವರ್ಷ ಜಗಲಿ ಹತ್ತುತ್ತಿದ್ದ?

ನವೆಂಬರ್ 25, ಶುಕ್ರವಾರ. ಮೈಸೂರಿನ ಸಂವಿಧಾನ ಸಭೆ ತನ್ನದೊಂದು ಸಂವಿಧಾನ ಬರೆಯುವ ಯೋಚನೆ ಬಿಟ್ಟು ಭಾರತದ ಸಂವಿಧಾನವನ್ನೇ ಒಪ್ಪಬೇಕೆಂದು ಹೇಳಿತ್ತು. ಆ ದಿನ ಮಹಾರಾಜರ ಘೋಷಣೆ ಹೊರಟಿತು: ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ. ಅದೇ ದಿನ ದಿಲ್ಲಿಯಲ್ಲಿ ಅಂಬೇಡ್ಕರ್ ಅವರು ತಮ್ಮ ಕೊನೆಯ ದೊಡ್ಡ ಭಾಷಣ ಮಾಡಿದರು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ವಿರೋಧವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಎಚ್ಚರಿಸಿದ ಭಾಷಣ. ಮಾರನೆಯ ದಿನ ದಿಲ್ಲಿಯ ಸಭೆ ಸಂವಿಧಾನವನ್ನು ಅಂಗೀಕರಿಸಿತು. ಅಂದರೆ, ದೇಶ ಒಪ್ಪುವ ಹಿಂದಿನ ದಿನವೇ ನಾವು ಒಪ್ಪಿದ್ದೆವು. ಪಕ್ಕದ ಮದರಾಸಿನವರನ್ನು ಹೀಗೆ ಬೇರೆಯಾಗಿ ಯಾರೂ ಕೇಳಲಿಲ್ಲ. ನಮ್ಮನ್ನು ಕೇಳಿದರು, ನಾವು ವಾದ ಮಾಡಿ, ಮುನಿಸಿಕೊಂಡು, ಲೆಕ್ಕ ಹಾಕಿ ಹೂಂ ಅಂದೆವು. ನನಗೆ ಇದು ದೊಡ್ಡ ಸಂಗತಿ.

ಸುದ್ದಿ ಬಂದಾಗ ಮತ್ತೆ ರಾಗಿ ಕಣದ ಕಾಲ. ಮೇಷ್ಟ್ರು ಪೇಪರ್ ಹಿಡಿದುಕೊಂಡು ಜಗಲಿಗೆ ಹೋಗಲಿಲ್ಲ, ನೇರವಾಗಿ ಕಣಕ್ಕೇ ಬಂದರು. ತೋಟಿ ಮೆದೆ ಒಟ್ಟುತ್ತಿದ್ದ. "ಬಂತಪ್ಪ, ನಮ್ಮೂರಿಗೂ ಬಂತು" ಅಂದರು. ಅವನು ಹುಲ್ಲು ಕೆಳಗಿಟ್ಟು, "ಹಂಗಾರೆ ಸ್ಕೂಲ್ ಒಳಕ್ಕೆ ನಮ್ಮ ಹುಡುಗನ್ನ ಕೂರಿಸ್ತೀರಾ ಸ್ವಾಮಿ?" ಅಂತ ಕೇಳಿದ. ಹುಡುಗ ಅಲ್ಲಿಯವರೆಗೆ ವರಾಂಡದಲ್ಲಿ ಕೂತು ಕಲಿಯುತ್ತಿದ್ದ. ಮೇಷ್ಟ್ರಿಗೆ ಮಾತು ಹೊರಡಲಿಲ್ಲ. ಸೋಮವಾರ ಹುಡುಗ ಒಳಗೆ, ನನ್ನ ಪಕ್ಕದ ಸಾಲಿನಲ್ಲಿ ಕೂತ. ಆ ವಾರ ಇಬ್ಬರು ಮೂವರು ತಮ್ಮ ಮಕ್ಕಳನ್ನು ಸ್ಕೂಲಿಗೆ ಕಳಿಸಲಿಲ್ಲ. ಆಮೇಲೆ ಕಳಿಸಿದರು.

1950ರ ಜನವರಿ 26ಕ್ಕೆ ಮಹಾರಾಜರು ರಾಜಪ್ರಮುಖರಾದರು. 1952ರಲ್ಲಿ ಚುನಾವಣೆ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಕಾಂಗ್ರೆಸ್ಸಿಗೆ ಜೋಡೆತ್ತು. ತೋಟಿಯ ತಾಯಿ ಪಟ್ಟಿಯಲ್ಲಿದ್ದ ತನ್ನ ಹೆಸರಿಗೆ ಓಗೊಟ್ಟು ಒಳಗೆ ಹೋಗಿ ಓಟು ಹಾಕಿ ಬಂದಳು. ಯಾರಿಗೆ ಹಾಕಿದಳೆಂದು ಸಾಯುವ ತನಕ ಹೇಳಲಿಲ್ಲ.

ಈ ಕಥೆಗೆ ಇನ್ನೊಂದು ತುದಿ ಇದೆ. ಅವತ್ತು ಚನ್ನಯ್ಯನವರು ಮಾತಾಡಿದ ಕರಡಿನ 10ನೇ ವಿಧಿ ಸಂವಿಧಾನದಲ್ಲಿ 16 ಆಯಿತು. ವಂಶದ ಕಾರಣಕ್ಕೆ ಸರ್ಕಾರಿ ಹುದ್ದೆಯಲ್ಲಿ ಭೇದ ಮಾಡಬಾರದು ಅನ್ನುವ ಮಾತು ಅದರಲ್ಲಿದೆ. 1960ರ ಡಿಸೆಂಬರ್‌ನಲ್ಲಿ ಆಂಧ್ರದ ಒಂದು ಹಳ್ಳಿಯ ಮುನಸೀಫ್ ಹುದ್ದೆಯ ವ್ಯಾಜ್ಯದಲ್ಲಿ, ಅಪ್ಪನಿಂದ ಮಗನಿಗೆ ಅನ್ನುವ ಪದ್ಧತಿ ಈ ವಿಧಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳಿತು. ನಮ್ಮ ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಮಾಡಿತು. 1963ರ ಫೆಬ್ರವರಿ 1ರಿಂದ ವಂಶಪಾರಂಪರ್ಯದ ಶಾನುಭೋಗಿಕೆಯೂ ಇಲ್ಲ, ಪಟೇಲಿಕೆಯೂ ಇಲ್ಲ, ತೋಟಿತನವೂ ಇಲ್ಲ. ದಫ್ತರ ಹೊರುವ ಕೆಲಸ ತೋಟಿಯ ಮಗನಿಗೆ ಬರಲಿಲ್ಲ. ತೋಟಿ ಇನಾಮಿನ ನೆಲ ಮಾತ್ರ ಅವನ ಹೆಸರಿಗೆ ಮರುಮಂಜೂರು ಆಯಿತು.

ಮಂಜೂರಾತಿ ಕಾಗದ ಬಂದರೂ ನೆಲ ಸಿಗಲಿಲ್ಲ. ಅರ್ಧಕ್ಕೂ ಹೆಚ್ಚು ಭಾಗವನ್ನು ಊರಿನ ಒಬ್ಬರು ಎಷ್ಟೋ ವರ್ಷದಿಂದ ಉಳುತ್ತಿದ್ದರು. ಅವರು ನಮ್ಮ ದಾಯಾದಿಗಳೇ. ಕೋರ್ಟಿಗೆ ಹೋಗಬೇಕಾಯಿತು. ಆ ನೆಲ ಯಾರದೆಂದು ಸಾಕ್ಷಿ ಹೇಳಲು ಚಿಕ್ಕಪ್ಪ ಹೋದ. ಅವನ ಜೊತೆ, ಕೈಲಿ ಕೋಲು ಹಿಡಿದು, ಹಳೆಯ ಲೆಕ್ಕಗಳನ್ನು ಬಾಯಿಪಾಠ ಒಪ್ಪಿಸಲು ಮುದುಕರಾಗಿದ್ದ ಶಾನುಭೋಗರೂ ಹೋದರು. ಬಹಳ ಕಾಲ ನಮ್ಮ ನೆಂಟರಲ್ಲಿ ಅನೇಕರು ಚಿಕ್ಕಪ್ಪನನ್ನು ಮಾತಾಡಿಸಲಿಲ್ಲ. ವ್ಯಾಜ್ಯ ಗೆದ್ದ ಮೇಲೆ ತೋಟಿಯ ಮಗ ಶ್ರೀನಿವಾಸಪುರದಿಂದ ಮಾವಿನ ಕಸಿ ತಂದು ಆ ನೆಲದಲ್ಲಿ ನೆಟ್ಟ. ಬಾದಾಮಿಯೂ ಇದೆ, ತೋತಾಪುರಿಯೂ ಇದೆ. ಬರುವ ಬೇಸಿಗೆಯಲ್ಲಿ ಬನ್ನಿ, ತೋರಿಸುತ್ತೇನೆ.